ಸೋಮವಾರದ ನೀರು

ಹಾಸನದ ಲ್ಯಾಬಿನ ಫಲಿತಾಂಶ ಹೇಳಲು ಕೀರ್ತಿರಾಜ್ ಫೋನು ಮಾಡಿದಾಗ ಶೋಭಿತಾ ಸೌತೆಬಳ್ಳಿಯ ನಡುವೆ ಕುಕ್ಕರುಗಾಲಲ್ಲಿ ಕೂತು ಎಲೆಯಡಿಯ ಹುಳ ಆರಿಸುತ್ತಿದ್ದಳು. ಕೈಯೆಲ್ಲ ಮಣ್ಣು. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡಳು.

"ಈ ಸಲ ಮತ್ತೆ ಫೇಲು ಕಣಮ್ಮ," ಅಂದ ಅವನು.

"ಅದೆಂಗ್ ಸಾ? ಓದ್ಸಲ ಪಾಸಾಗಿತ್ತಲ್ಲ. ಅದೇ ಕಟ್ಟೆ, ಅದೇ ನೀರು."

"ಅದೇ ನನಗೂ ತಿಳೀತಿಲ್ಲ. ಮೊದಲನೇ ಸಲ ಪಾಸು, ಆಮೇಲೆ ಫೇಲು, ಮತ್ತೆ ಪಾಸು, ಈಗ ಫೇಲು. ನಿಮ್ಮ ನೀರು ನಮ್ಮ ಹುಡುಗೀರ ಗಣಿತದ ಥರ ಆಡ್ತಾ ಇದೆ."

ಕೀರ್ತಿರಾಜ್ ಹೊಳೆನರಸೀಪುರದ ಒಂದು ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಅಡುಗೆಮನೆ ನೋಡಿಕೊಳ್ಳುವವನು. ಮಕ್ಕಳಿಗೆ ಊಟದ ಜೊತೆ ಹಸಿ ಸೌತೆಕಾಯಿ, ಕೋಸಂಬರಿ ಕೊಡಬೇಕೆಂದು ಈ ವರ್ಷ ತೀರ್ಮಾನವಾಗಿತ್ತು. ಬೇಯಿಸುವ ತರಕಾರಿಯಾಗಿದ್ದರೆ ಯಾರೂ ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ, ಉಳಿದದ್ದನ್ನು ಒಲೆ ನೋಡಿಕೊಳ್ಳುತ್ತದೆ. ಹಸಿಯಾಗಿ ತಿನ್ನುವ ಕಾಯಿಗೆ ಹಾಯಿಸುವ ನೀರಿನಲ್ಲಿ ಮಾತ್ರ, ಸಗಣಿ ಹೊಲಸಿನಿಂದ ಬಂದು ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಮಿತಿ ಮೀರಿರಬಾರದು. ನೀರು ಒಂದರ ಹಿಂದೊಂದು ಎರಡು ಸಲ ಪಾಸಾಗಬೇಕು ಎಂಬುದು ಅವನ ಷರತ್ತು. ಶೋಭಿತಾಳ ನೀರು ಪಾಸಾಗುತ್ತಿತ್ತು, ಆದರೆ ಒಂದರ ಹಿಂದೊಂದು ಆಗುತ್ತಿರಲಿಲ್ಲ.

"ನೀರು ತಗೊಂಡು ಹೋಗೋಕೆ ಇನ್ನೆರಡು ಸಲ ಬರ್ತೀನಿ, ಅಷ್ಟೇ," ಅಂದ ಕೀರ್ತಿರಾಜ್. "ಚನ್ನರಾಯಪಟ್ಟಣದ ಕಡೆಯವರೊಬ್ಬರು ಬೋರ್‌ವೆಲ್ ನೀರಲ್ಲಿ ಬೆಳೀತಾರೆ. ಅವರು ಕಾಯ್ತಾ ಕೂತಿದ್ದಾರೆ. ನಿಸರ್ಗನ ತಾಯಿ ಅಂತ ನಿಮಗೋಸ್ಕರ ಇಷ್ಟು ದಿನ ತಡೆದಿದ್ದೀನಿ."

ನಿಸರ್ಗ ಶೋಭಿತಾಳ ಮಗಳು. ಅದೇ ಹಾಸ್ಟೆಲ್ಲಿನಲ್ಲಿದ್ದು ಒಂಬತ್ತನೇ ಕ್ಲಾಸು ಓದುತ್ತಿದ್ದಳು. ನಮ್ಮಮ್ಮನ ಸೌತೆಕಾಯಿ ಬರುತ್ತದೆ ಎಂದು ಕೋಣೆಯ ಗೆಳತಿಯರಿಗೆಲ್ಲ ಆಗಲೇ ಸಾರಿಬಿಟ್ಟಿದ್ದಳು. ಪ್ರತಿ ಭಾನುವಾರದ ಫೋನಿನಲ್ಲಿ ಮೊದಲ ಪ್ರಶ್ನೆ ಅದೇ: "ಯಾವಾಗಮ್ಮ?"

ಶೋಭಿತಾಳ ಮನೆಯವರ ಅರ್ಧ ಎಕರೆ ಇದ್ದದ್ದು ಅರಕಲಗೂಡಿನಿಂದ ಹೊಳೆನರಸೀಪುರಕ್ಕೆ ಹೋಗುವ ರಸ್ತೆಯ ಬದಿಗೆ, ಒಂದು ಸಣ್ಣ ಕಟ್ಟೆಯ ಕೆಳಗೆ. ಸುತ್ತ ಹೊಗೆಸೊಪ್ಪು, ಶುಂಠಿ, ಮುಸುಕಿನ ಜೋಳ. ತರಕಾರಿ ಬೆಳೆಯುವವರು ಅವರೊಬ್ಬರೇ. ಗಂಡ ಭೀಮ ಅರಕಲಗೂಡಿನಲ್ಲಿ ಆಟೋ ಓಡಿಸುತ್ತಿದ್ದ. ಹೊಲ ಶೋಭಿತಾ ಮತ್ತು ಅತ್ತೆ ಮಾರಮ್ಮನದು.

ಫೋನಿಟ್ಟ ಮೇಲೆ ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ಮಾರಮ್ಮ ಕತ್ತು ಎತ್ತಿದಳು. "ನಮ್ ನೀರು ಕೆಟ್ಟದ್ದು ಅಂದ್ನಾ?"

"ನಮ್ ನೀರು ಅಂತ ಅಲ್ಲ ಅತ್ತೆ. ಕಟ್ಟೆ ನೀರು."

"ನಾನ್ ಮದ್ವೆಯಾಗಿ ಬಂದಾಗ ಈ ಕಟ್ಟೇಗೆ ದನ ಇಳೀಬೋದಿತ್ತು, ನಾವ್ ಇಳಿಯಂಗಿರ್ನಿಲ್ಲ. ನಾವ್ ಮುಟ್ಟುದ್ರೆ ನೀರು ಕೆಡ್ತದೆ ಅಂತಿದ್ರು. ಈಗ ನೋಡುದ್ರೆ ನೀರೇ ಕೆಟ್ಟದೆ ಅಂತಾರೆ." ಮಾರಮ್ಮ ಕುಡುಗೋಲನ್ನು ಹುಲ್ಲಿಗೆ ಒರೆಸಿದಳು. "ಯಾರ್ ಮುಟ್ಟಿದ್ರಂತೆ, ಕೇಳ್ದ್ಯಾ?"

ಶೋಭಿತಾ ಮತ್ತೆ ಎಲೆಯಡಿ ಕೈಹಾಕಿದಳು. ಆದರೆ ಆ ಪ್ರಶ್ನೆ ಅವಳ ತಲೆಯಿಂದ ಹೋಗಲಿಲ್ಲ.

ನಿಸರ್ಗ ಅರಕಲಗೂಡಿನ ಶಾಲೆಯಲ್ಲಿದ್ದಾಗ ವಿಜ್ಞಾನ ಹೇಳಿಕೊಡುತ್ತಿದ್ದವಳು ಗೌತಮಿ ಟೀಚರ್. ಶೋಭಿತಾ ಅವಳ ಹತ್ತಿರ ಹೋಗಿ ಎಲ್ಲ ಹೇಳಿದಾಗ, ಗೌತಮಿ ಶಾಲೆಯ ಬೀರುವಿನಿಂದ ಸಣ್ಣ ಸಣ್ಣ ಬಾಟಲಿಗಳ ಒಂದು ಡಬ್ಬಿ ತೆಗೆದುಕೊಟ್ಟಳು. ಕುಡಿಯುವ ನೀರು ನೋಡಲು ಮಕ್ಕಳಿಗೆಂದು ತರಿಸಿದ್ದಂತೆ. ಬಾಟಲಿಯ ತಳದಲ್ಲಿ ಒಂದು ಪುಡಿ ಇತ್ತು. ಗೆರೆಯವರೆಗೆ ನೀರು ತುಂಬಿ, ಮುಚ್ಚಿ, ಬೆಚ್ಚಗೆ ಇಡಬೇಕು. ಹೊಲಸಿನ ಬ್ಯಾಕ್ಟೀರಿಯಾ ಇದ್ದರೆ ನೀರು ಕಪ್ಪಾಗುತ್ತದೆ.

"ಆದರೆ ಒಂದು ಮಾತು," ಅಂದಳು ಗೌತಮಿ. "ಇದು ಕಟ್ಟೆ ನೀರು. ಇವತ್ತಲ್ಲ ನಾಳೆ ಕಪ್ಪಾಗೇ ಆಗುತ್ತೆ. ಎಷ್ಟು ಬೇಗ ಕಪ್ಪಾಯ್ತು ಅಂತ ನೋಡಿ. ಬೇಗ ಆದರೆ ಜಾಸ್ತಿ ಇದೆ ಅಂತ, ನಿಧಾನ ಆದರೆ ಕಡಿಮೆ ಅಂತ. ಲ್ಯಾಬಿನಷ್ಟು ಕರಾರುವಾಕ್ಕು ಅಲ್ಲ, ಆದರೆ ಒಂದು ಅಂದಾಜು ಸಿಗುತ್ತೆ."

"ನಿಮ್ಗೇನ್ ಅನ್ಸ್ತದೆ ಟೀಚರ್? ಯಾಕಿಂಗ್ ಆಗ್ತಿದೆ?"

"ಬಿಸಿ ಇರಬಹುದು. ಮಧ್ಯಾಹ್ನ ನೀರು ಬೆಚ್ಚಗಾದಾಗ ಬ್ಯಾಕ್ಟೀರಿಯಾ ಹೆಚ್ಚು ಬೆಳೆಯುತ್ತೆ. ಮುಂಜಾನೆ ತಣ್ಣಗಿರೋವಾಗ ಕಡಿಮೆ ಇರಬೇಕು."

"ಅಂಗಾರೆ ಮಳೆ ಬಂದ್ರೆ ಒಳ್ಳೇದಾಯ್ತದೆ. ಒಸಾ ನೀರು, ತಣ್ಣಗಿರ್ತದೆ."

"ಹಾಗೇ ಅನ್ನಿಸುತ್ತೆ," ಅಂದಳು ಗೌತಮಿ.

ಇಬ್ಬರಿಗೂ ತಮ್ಮ ಊಹೆ ಸರಿಯೆನಿಸಿತ್ತು.

ಬಾಟಲಿಗಳ ಗುರುತಿಗೆ ಶೋಭಿತಾ ಹಣೆಗೆ ಇಡುವ ಸ್ಟಿಕ್ಕರು ಅಂಟಿಸಿದಳು. ಮುಂಜಾನೆಯದಕ್ಕೆ ಕೆಂಪು, ಮಧ್ಯಾಹ್ನದ್ದಕ್ಕೆ ಹಸಿರು. ಒಂದನ್ನು ಕಿಟಕಿಯ ಮೇಲೆ ಇಟ್ಟಳು, ಇನ್ನೊಂದಕ್ಕೆ ಅಲ್ಲಿ ಜಾಗ ಸಾಲದೆ ಒಲೆಯ ಪಕ್ಕದ ಗೂಡಿನಲ್ಲಿ ಇಟ್ಟಳು. ಬೆಳಗಾದಾಗ ಒಲೆ ಪಕ್ಕದ ಹಸಿರು ಬಾಟಲಿ ಕಪ್ಪಗಾಗಿತ್ತು, ಕಿಟಕಿಯದು ಬಣ್ಣ ಬದಲಿಸಿರಲಿಲ್ಲ.

ಅವಳು ಖುಷಿಯಿಂದ ಗೌತಮಿಗೆ ಫೋನು ಮಾಡಿದಳು. "ನೀವ್ ಯೋಳಿದ್ದೇ ಸರಿ ಟೀಚರ್, ಮದ್ಯಾನದ್ದೇ ಕೆಟ್ಟದ್ದು."

"ಎಲ್ಲಿಟ್ಟಿದ್ರಿ?"

ಹೇಳಿದಳು. ಗೌತಮಿ ಅಂದಳು, "ಶೋಭಿತಾ, ಒಂದನ್ನ ಒಲೆ ಪಕ್ಕ, ಒಂದನ್ನ ಕಿಟಕೀಲಿ ಇಟ್ಟರೆ ನಾವು ನೀರನ್ನ ನೋಡ್ತಿಲ್ಲ, ಒಲೇನ ನೋಡ್ತಿದ್ದೀವಿ. ಎರಡನ್ನೂ ಒಂದೇ ಕಡೆ ಇಡಿ."

ಭೀಮ ಕೇಳಿಸಿಕೊಂಡು ನಕ್ಕ. "ಎರಡು ಬಾಟ್ಲಿ ಒಂದೇ ಜಾಗ್ದಲ್ಲಿ ಇಡೋದು ನಿಂಗೆ ಗೊತ್ತಿಲ್ವಾ? ಅಕ್ಕಿ ಡಬ್ಬ, ರಾಗಿ ಡಬ್ಬ ಅಂಗೇ ಇಡ್ತೀಯಲ್ಲ."

"ನೀವ್ ಸುಮ್ನೆ ಆಟೋ ತೊಳ್ಕಳಿ ಓಗಿ."

ಮಾರಮ್ಮ ಕಪ್ಪು ಬಾಟಲಿಯನ್ನು ಬೆರಳಿನಿಂದಲೂ ಮುಟ್ಟಲಿಲ್ಲ. "ಮಸಿ ಅಂಗದೆ. ಮನೇಲಿಡ್ಬ್ಯಾಡ, ಎತ್ತಾಕು."

ಎರಡನೇ ಸಲ ಎಲ್ಲ ಬಾಟಲಿಯನ್ನೂ ಒಲೆ ಪಕ್ಕದ ಗೂಡಿನಲ್ಲೇ ಇಟ್ಟಳು. ಈಗ ಫಲಿತಾಂಶ ತಲೆಕೆಳಗಾಯಿತು. ಮುಂಜಾನೆ ಬೆಳಕು ಹರಿಯುವ ಮೊದಲು ತಂದ ನೀರು ಬೇಗ ಕಪ್ಪಾಯಿತು. ಮಧ್ಯಾಹ್ನ ಬಿಸಿಲು ನೆತ್ತಿಗೆ ಬಂದು ಇಳಿದ ಮೇಲೆ ತಂದ ನೀರು ಮಾರನೇ ದಿನವೂ ತಿಳಿಯಾಗೇ ಇತ್ತು, ಸಂಜೆಯ ಹೊತ್ತಿಗೆ ಬೂದಿಯ ಬಣ್ಣಕ್ಕೆ ತಿರುಗಿತು ಅಷ್ಟೆ. ಶೋಭಿತಾ ನಂಬದೆ ಇನ್ನೊಮ್ಮೆ ಮಾಡಿದಳು. ಮತ್ತೆ ಹಾಗೇ.

ಗೌತಮಿ ಭಾನುವಾರ ಸ್ಕೂಟಿಯಲ್ಲಿ ಬಂದು ಗೂಡಿನ ಮುಂದೆ ನಿಂತು ಬಾಟಲಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದಳು.

"ನಾನು ಅಂದದ್ದು ತಪ್ಪು," ಅಂದಳು, ಅದರಲ್ಲಿ ಬೇಸರವೇ ಇರಲಿಲ್ಲ. "ಬಿಸಿಯೊಂದೇ ಯೋಚನೆ ಮಾಡಿದೆ, ಬಿಸಿಲು ಮರೆತೆ. ಬಿಸಿಲೇ ಕೊಲ್ಲುತ್ತಲ್ಲ ಇವನ್ನ. ಉಪ್ಪಿನಕಾಯಿ ಭರಣೀನ ಬಿಸಿಲಿಗಿಡ್ತೀವಲ್ಲ, ಹಾಸಿಗೆ ಹಾಕ್ತೀವಲ್ಲ."

"ಅಂಗಾರೆ ಬಾಟ್ಲೀಲಿ ಒಲೆ ಬಿಸಿಗೆ ಯಾಕ್ ಬೇಗ ಬೆಳ್ದವು?"

"ಬಾಟಲೀಲಿ ಊಟ ಇದೆ. ಆ ಪುಡಿ ಅವಕ್ಕೆ ಅನ್ನ. ಅನ್ನ ಇದ್ದು ಬೆಚ್ಚಗಿದ್ದರೆ ಬೆಳೆಯುತ್ತವೆ. ಕಟ್ಟೇಲಿ ಅಷ್ಟು ಅನ್ನ ಇಲ್ಲ, ಮೇಲಿಂದ ಬಿಸಿಲಿನ ಹೊಡೆತ. ತಣ್ಣಗಿದ್ದು ಕತ್ತಲಿದ್ದರೆ ಬೆಳೆಯದೇ ಇದ್ರೂ ಸಾಯದೆ ಉಳ್ಕೊಂಡಿರ್ತವೆ."

"ಫ್ರಿಜ್ಜಲ್ಲಿಟ್ಟ ಮೊಸರ್ನಂಗೆ."

"ಅದೇ."

ಶೋಭಿತಾಳಿಗೆ ಆ ದಿನ ಪೂರ್ತಿ ಸಂತೋಷ. ನೀರು ಫೇಲಾದ ಎರಡು ಸಲವೂ ಕೀರ್ತಿರಾಜ್ ಬಂದದ್ದು ಬೆಳಗ್ಗೆ, ಪಾಸಾದ ಎರಡು ಸಲವೂ ಮಧ್ಯಾಹ್ನ. ಗಂಟು ಬಿಡಿಸಿಯಾಯಿತು ಎಂದುಕೊಂಡಳು. ಕಟ್ಟೆಯಿಂದ ನೀರೆತ್ತುವ ಮೋಟರನ್ನು ಮಧ್ಯಾಹ್ನವೇ ಹಾಕಿದರಾಯಿತು.

ಅದು ಮುರಿದುಬಿದ್ದದ್ದು ಮಳೆಯಲ್ಲಿ. ಸಮುದ್ರದ ಕಡೆ ಎಲ್ಲೋ ಚಂಡಮಾರುತವಂತೆ, ಅರಕಲಗೂಡಿನಲ್ಲಿ ಒಂದು ದಿನವಿಡೀ ಸುರಿಯಿತು. ಕಟ್ಟೆ ಒಂದು ಮೊಳ ಏರಿತು. ಹೊಸ ನೀರು ನೋಡಲು ಊರಿನವರು ಏರಿಯ ಮೇಲೆ ನಿಂತರು. ಶೋಭಿತಾ ಮಧ್ಯಾಹ್ನವೇ, ಏರಿಯ ಮೇಲಿಂದಲೇ ಬಾಟಲಿ ತುಂಬಿದಳು. ಅದಕ್ಕೆ ಯಾವ ಬಣ್ಣದ ಸ್ಟಿಕ್ಕರು ಅಂಟಿಸಬೇಕೆಂದು ತಿಳಿಯದೆ ಹಳದಿ ಅಂಟಿಸಿದಳು. ಎದ್ದು ನೋಡಿದರೆ ಆ ಬಾಟಲಿ ಎಲ್ಲಕ್ಕಿಂತ ಕಪ್ಪು.

"ಒಸಾ ನೀರಲ್ವಾ ಟೀಚರ್?" ಎಂದು ಫೋನಿನಲ್ಲಿ ಕೇಳಿದಳು.

"ಮಳೆ ಎಲ್ಲಿ ಬಿತ್ತು? ಹೊಲದ ಮೇಲೆ, ಹಟ್ಟಿ ಮೇಲೆ, ತಿಪ್ಪೆ ಮೇಲೆ. ಅದನ್ನೆಲ್ಲ ತೊಳ್ಕೊಂಡು ಬಂದು ಕಟ್ಟೆಗೆ ಇಳೀತು. ನೋಡೋಕೆ ಹೊಸದು. ಜೊತೆಗೆ ಕೆಂಪು ಬಗ್ಗಡ, ಬಿಸಿಲು ಒಳಗೆ ಇಳಿಯೋದೇ ಇಲ್ಲ." ಗೌತಮಿ ನಿಟ್ಟುಸಿರು ಬಿಟ್ಟಳು. "ನಾನೂ ಹೊಸ ನೀರು ಒಳ್ಳೇದು ಅಂದೆ ನೋಡಿ. ಬಗ್ಗಡ ತಳಕ್ಕೆ ಕೂತು, ಒಂದೆರಡು ದಿನ ಚೆನ್ನಾಗಿ ಬಿಸಿಲು ಬೀಳಬೇಕು."

ಬಿಸಿಲು ಬಿತ್ತು. ಬಗ್ಗಡ ಕೂತಿತು. ನೀರು ತಿಳಿಯಾಯಿತು. ಹಸಿರು ಸ್ಟಿಕ್ಕರಿನ ಬಾಟಲಿಗಳು ಮತ್ತೆ ನಿಧಾನಿಸತೊಡಗಿದವು. ಶೋಭಿತಾ ಇನ್ನೇನು ಕೀರ್ತಿರಾಜನಿಗೆ ಬನ್ನಿ ಅನ್ನಬೇಕು, ಅಷ್ಟರಲ್ಲಿ ಒಂದು ಮಂಗಳವಾರ, ಮಳೆ ಇಲ್ಲ, ಮೋಡ ಇಲ್ಲ, ಹನ್ನೊಂದು ಗಂಟೆಯ ಬಿಸಿಲಿನಲ್ಲಿ ತುಂಬಿದ ಬಾಟಲಿ ಸಂಜೆಗೇ ಮಬ್ಬಾಗಿ ಬೆಳಗಾಗುವುದರಲ್ಲಿ ಕಪ್ಪಾಯಿತು.

ಅವಳು ಅದನ್ನು ಕೈಯಲ್ಲಿ ಹಿಡಿದುಕೊಂಡು ಜಗಲಿಯ ಮೇಲೆ ಕೂತಳು. ಭೀಮ ಆಟೋ ತೆಗೆಯುತ್ತಿದ್ದವನು ನಿಂತ.

"ಇದ್ಯಾಕೆ ಇಂಗಾಯ್ತು?" ಅಂದಳು. "ಮಳೆ ಬಂದಿಲ್ಲ. ಬಿಸಿಲಿತ್ತು. ಎಲ್ಲಾ ಸರಿಯಾಗೇ ಇತ್ತು."

"ಬುಡೇ, ಬಾಟ್ಲಿ ಕೆಟ್ಟಿರ್ಬೇಕು."

"ಬಾಟ್ಲಿ ಕೆಡಲ್ಲ ಕಣ್ರೀ." ಅವಳು ನೀರು ತುಂಬಿದ ಜಾಗವನ್ನು ನೆನಪಿಸಿಕೊಳ್ಳುತ್ತಿದ್ದಳು. ದಡದಲ್ಲಿ ಕಾಲು ಜಾರಿತ್ತು. ಒಣಗಿದ ದಡ ಯಾಕೆ ಜಾರಬೇಕು? ಆಗ ಕೀರ್ತಿರಾಜನ ಬೂಟು ನೆನಪಾಯಿತು. ಮೊದಲ ಸಲ ಫೇಲಾದಾಗ ಅವನು ದಡದಲ್ಲಿ ಹೂತುಕೊಂಡ ಬೂಟನ್ನು ಕಿತ್ತುಕೊಳ್ಳುತ್ತಾ, "ಏನಮ್ಮ ಇದು, ಮಳೇನೇ ಬಂದಿಲ್ಲ, ಗದ್ದೆ ಆಗಿದೆ," ಎಂದು ಗೊಣಗಿದ್ದ. ಅವತ್ತೂ ಮಂಗಳವಾರವೇ. ಅವನು ಅರಕಲಗೂಡಿಗೆ ಸಾಮಾನು ತರಲು ಬರುವುದೇ ಮಂಗಳವಾರ ಬೆಳಗ್ಗೆ, ಬಿಡುವಿದ್ದರೆ ಶನಿವಾರ ಮಧ್ಯಾಹ್ನ.

ಮಂಗಳವಾರದ ಹಿಂದಿನ ದಿನ ಅಲ್ಲಿ ಏನು ನಡೆಯುತ್ತದೆಂದು ನೋಡಲು, ಮುಂದಿನ ಸೋಮವಾರ ಅವಳು ಮೋಟರು ಹಾಕಿ ಕಟ್ಟೆಯ ದಡದಲ್ಲಿ ಹೋಗಿ ಕೂತಳು. ಸೋಮವಾರ ಅವಳ ಮೆಚ್ಚಿನ ದಿನ. ಆ ದಿನ ಎತ್ತಿನ ಕುತ್ತಿಗೆಗೆ ನೊಗ ಇಡುವುದಿಲ್ಲ, ಬಸವನಿಗೆ ಬಿಡುವು. ಸುತ್ತಿನ ಹೊಲಗಳಲ್ಲಿ ಜನ ಕಡಿಮೆ, ಮೋಟರುಗಳೂ ಕಡಿಮೆ, ವೋಲ್ಟೇಜು ಗಟ್ಟಿ. ಪೈಪಿನಲ್ಲಿ ನೀರು ಎದೆಯೆತ್ತರ ಚಿಮ್ಮುತ್ತದೆ. ಆದ್ದರಿಂದ ವಾರದ ನೀರಲ್ಲಿ ಹೆಚ್ಚಿನದನ್ನು ಅವಳು ಸೋಮವಾರವೇ ಬಿಡುತ್ತಿದ್ದಳು.

ಬಿಸಿಲೇರುವ ಹೊತ್ತಿಗೆ ಮೇಲಿನ ಕೇರಿಯ ಕೆಂಪಣ್ಣ ತನ್ನ ಜೋಡೆತ್ತು ಹೊಡೆದುಕೊಂಡು ಬಂದ. ಹಿಂದೆಯೇ ಇನ್ನೆರಡು ಜೊತೆ, ಕೆಲವು ಹಸು, ಎಮ್ಮೆ. ಅವುಗಳ ಹಿಂದೆ ಒಂದು ಟ್ರ್ಯಾಕ್ಟರು. ಎತ್ತು ಮಾರಿದವರು ಟ್ರ್ಯಾಕ್ಟರಿಗೂ ಸೋಮವಾರದ ಬಿಡುವು ಕೊಟ್ಟು ಕಟ್ಟೆಯಲ್ಲಿ ತೊಳೆಯುತ್ತಿದ್ದರು. ಎತ್ತುಗಳು ಹೊಟ್ಟೆ ಮುಳುಗುವವರೆಗೆ ಇಳಿದವು. ಅವುಗಳ ಕಾಲಿನ ಸುತ್ತ ತಳದ ಕರಿ ಕೆಸರು ಹೊಗೆಯ ಹಾಗೆ ಮೇಲಕ್ಕೆದ್ದು, ನಿಧಾನವಾಗಿ, ಅವಳ ಮೋಟರಿನ ಪೈಪು ಇಳಿಬಿದ್ದಿದ್ದ ಕಡೆಗೆ ಹರಡಿತು. ಶೋಭಿತಾ ಎದ್ದು ಓಡಿಹೋಗಿ ಮೋಟರು ನಿಲ್ಲಿಸಿ ಬಂದಳು.

"ಏನವ್ವ ಶೋಬಿತಮ್ಮ," ಕೆಂಪಣ್ಣ ಎತ್ತಿನ ಬೆನ್ನುಜ್ಜುತ್ತಾ ಕೂಗಿದ, "ಬಾಟ್ಲಿ ಇಡ್ಕಂಡ್ ಕೂತಿದೀಯ. ಎತ್ತು ಆಲು ಕೊಡ್ತವೆ ಅಂದ್ಕಂಡ್ಯಾ?"

"ನಿಮ್ ಎತ್ತು ಎಷ್ಟೊತ್ತಿಗ್ ಬತ್ತವೆ, ಎಷ್ಟೊತ್ತಿಗ್ ಓಯ್ತವೆ ನೋಡ್ತಿದ್ದೆ ಗೌಡ್ರೆ."

"ಯಾಕೆ, ಬಸ್ಸಾ ಅವು?"

ಅವಳು ನಕ್ಕಳು, ಆಮೇಲೆ ವಿಷಯ ಹೇಳಿದಳು. ಹಾಸ್ಟೆಲ್ಲು, ಸೌತೆಕಾಯಿ, ಪಾಸು, ಫೇಲು. ಕೆಂಪಣ್ಣನ ಕೈ ಎತ್ತಿನ ಬೆನ್ನಿನ ಮೇಲೆ ನಿಂತಿತು.

"ಎತ್ತು ತೊಳೀಬ್ಯಾಡಿ ಅಂತ ಯೋಳಕ್ ಬಂದ್ಯಾ? ನೋಡವ್ವ, ನಮ್ಮಪ್ಪನ ಕಾಲ್ದಿಂದ ಸೋಮವಾರ ಇಲ್ಲೇ ತೊಳೀತಿರೋದು. ಬಸವ ಮಿಂದ್ರೆ ನೀರು ಕೆಡ್ತದಾ?"

"ತೊಳೀಬ್ಯಾಡಿ ಅನ್ನಕ್ಕೆ ನಾನ್ಯಾರು ಗೌಡ್ರೆ. ನಂಗ್ ಗೊತ್ತಾಗ್ಬೇಕಷ್ಟೆ. ಎತ್ತು ದಿನಾ ನೀರು ಕುಡಿಯಕ್ ಬತ್ತವಲ್ಲ, ಆಗ ಇಷ್ಟ್ ಕೆಡಲ್ಲ. ಮಿಂದಿದ್ಕೋ, ತುಳ್ದಿದ್ಕೋ, ಯಾವ್ದಕ್ಕೆ ಅಂತ."

"ಮಿಂದಿದ್ಕಲ್ಲ. ನಾನ್ ಎತ್ತಿಗೆ ಸೋಪಾಕ್ತೀನಿ ಕಣವ್ವ, ನನ್ ಎತ್ತು ನನ್ ಮಗನ್ಗಿಂತ ಕಿಲೀನು."

"ಅಂಗಾರೆ ಈ ಕಡೆ ಎತ್ತು ಇಳೀದಿರೋ ಜಾಗ ಒಂದದೆ. ಅಲ್ಲಿ ಮೇಲ್ಗಡೆ ತಿಳಿನೀರು ಒಂದು ಬಾಟ್ಲಿ ತಕ್ಕಳನ. ಆಮೇಲೆ ಅದೇ ಜಾಗದಾಗೆ ತಳ ಕಲುಕಿ ಇನ್ನೊಂದು ತಕ್ಕಳನ."

ಕೆಂಪಣ್ಣನಿಗೆ ಇದು ತನ್ನ ಎತ್ತಿನ ಮಾನದ ಪ್ರಶ್ನೆಯಾಗಿಬಿಟ್ಟಿತು. "ನೀನ್ ಕಲುಕುದ್ರೆ ಅನ್ಮಾನ. ಕೋಲು ಕೊಡಿಲ್ಲಿ," ಎಂದು ಪಂಚೆ ಎತ್ತಿ ಕಟ್ಟಿ, ಮೊದಲು ಅವಳು ತಿಳಿನೀರು ತುಂಬುವವರೆಗೆ ಉಸಿರು ಬಿಗಿಹಿಡಿದವನಂತೆ ನಿಂತು, ಆಮೇಲೆ ತಾನೇ ದಡದಿಂದ ಬಗ್ಗಿ ತಳವನ್ನು ಗರಗರ ತಿರುವಿದ. ಎತ್ತು ನಿಂತಿದ್ದ ಜಾಗದ ನೀರು ಮೂರನೇ ಬಾಟಲಿ. ಅದಕ್ಕೆ ಅವನೇ ದೊಡ್ಡದೊಂದು ಸ್ಟಿಕ್ಕರು ಆರಿಸಿ ಅಂಟಿಸಿದ.

ಮರುದಿನ ಬೆಳಗ್ಗೆ ಶೋಭಿತಾ ಬಾಗಿಲು ತೆಗೆದರೆ ಕೆಂಪಣ್ಣ ಅಂಗಳದಲ್ಲಿ ನಿಂತಿದ್ದ.

"ಏನಾಯ್ತು?"

ಅವಳು ಮೂರೂ ಬಾಟಲಿ ತಂದು ಜಗಲಿಯ ಮೇಲೆ ಸಾಲಾಗಿ ಇಟ್ಟಳು. ತಿಳಿನೀರಿನದು ಇನ್ನೂ ಬಣ್ಣ ತಿರುಗಿರಲಿಲ್ಲ. ಎತ್ತು ನಿಂತ ಜಾಗದ್ದು ಕಪ್ಪು. ಎತ್ತು ಕಾಲೇ ಇಡದ ಜಾಗದಲ್ಲಿ ಕೆಂಪಣ್ಣ ಕೋಲಿನಿಂದ ಕಲಕಿದ್ದೂ ಅಷ್ಟೇ ಕಪ್ಪು.

ಕೆಂಪಣ್ಣ ಬಗ್ಗಿ ನೋಡಿದ. "ಅಂದ್ರೆ ಎತ್ತಲ್ಲ."

"ಎತ್ತಿನ ಮೈಯಲ್ಲ. ಕೆಸ್ರು." ಅವಳಿಗೆ ಹೇಳುವಾಗಲೇ ಒಂದೊಂದೂ ಸ್ಪಷ್ಟವಾಗುತ್ತಿತ್ತು. "ದಿನಾ ಬೀಳೋ ಸಗಣಿ, ಮಳೇಲಿ ಬಂದಿದ್ದು, ಎಲ್ಲಾ ತಳಕ್ ಓಗಿ ಕೂತದೆ. ಅಲ್ಲಿಗ್ ಬಿಸ್ಲು ಓಗಲ್ಲ, ತಣ್ಣಗದೆ, ಕತ್ಲದೆ. ಅವು ಸಾಯ್ದೆ ಕೂತಿರ್ತವೆ. ಯಾರಾದ್ರೂ ಕಲುಕುದ್ರೆ ಮೇಲಕ್ ಬತ್ತವೆ. ಎತ್ತಾದ್ರೂ ಸರಿ, ಟ್ರ್ಯಾಕ್ಟ್ರಾದ್ರೂ ಸರಿ, ನಿಮ್ ಕೋಲಾದ್ರೂ ಸರಿ."

"ನನ್ ಕೋಲೂವೇ!" ಕೆಂಪಣ್ಣನಿಗೆ ನಗು ಬಂತು, ಸೋತೆನೋ ಗೆದ್ದೆನೋ ತಿಳಿಯದ ನಗು.

ಮಾರಮ್ಮ ಒಳಗಿನಿಂದ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಮೊದಲ ಸಲ ಅವಳು ಕಪ್ಪು ಬಾಟಲಿಯನ್ನು ಕೈಗೆತ್ತಿಕೊಂಡು ಬಿಸಿಲಿಗೆ ಹಿಡಿದಳು. "ಯಾರ್ ಮುಟ್ಟಿದ್ರಂತೆ ಅಂತ ಕೇಳ್ತಿದ್ದೆ. ಅಂತೂ ಗೊತ್ತಾಯ್ತು ಬುಡು." ಕೆಂಪಣ್ಣನ ಕಡೆ ನೋಡಿದಳು. "ಟೀ ಕುಡೀತೀರಾ ಗೌಡ್ರೆ?"

ಕೆಂಪಣ್ಣ ಈ ಅಂಗಳದಲ್ಲಿ ಹೀಗೆ ಹಿಂದೆಂದೂ ನಿಂತವನಲ್ಲ. ಒಂದು ಸಲ ರಸ್ತೆಯ ಕಡೆ ನೋಡಿದ, ಒಂದು ಸಲ ಬಾಟಲಿಗಳ ಕಡೆ. ಆಮೇಲೆ ಜಗಲಿಯ ತುದಿಯಲ್ಲಿ ಕೂತ.

"ಸಕ್ರೆ ಕಮ್ಮಿ ಆಕಿ. ಶುಗರ್ ಅದೆ."

ಅವನು ಹೋದ ಮೇಲೆ ಭೀಮ ಒಳ್ಳೆಯ ಉಪಾಯ ಹೇಳಿದ. "ಈಗ ಸಲೀಸಾಯ್ತಲ್ಲ. ಕೀರ್ತಿರಾಜ್ ಸಾರ್ಗೆ ಶನಿವಾರ ಮದ್ಯಾನ ಬನ್ನಿ ಅನ್ನು. ಅದರ ಮುಂದಿನ ಶನಿವಾರ ಮದ್ಯಾನ ಇನ್ನೊಂದ್ಸಲ ಬನ್ನಿ ಅನ್ನು. ಒಂದರ ಇಂದೊಂದು ಎರಡು ಪಾಸು. ಮುಗೀತು."

ಶೋಭಿತಾ ಆಗಲೇ ಅದನ್ನು ಯೋಚಿಸಿದ್ದಳು. ಬಾಟಲಿ ನೋಡಿದ ಗಳಿಗೆಯಲ್ಲೇ ಯೋಚಿಸಿದ್ದಳು. ಶನಿವಾರ ಮಧ್ಯಾಹ್ನ, ಮಳೆ ಇಲ್ಲದ ವಾರ, ಖಂಡಿತ ಪಾಸು. ಯಾರೂ ಸುಳ್ಳು ಹೇಳಿದಂತಾಗುವುದಿಲ್ಲ. ಕೈಗೆ ಸಿಕ್ಕ ಒಂದು ಎಳೆ ಸೌತೆಕಾಯಿಯನ್ನು ಸೀರೆಗೆ ಒರೆಸಿ ಕಚ್ಚಬೇಕೆಂದು ಬಾಯಿಗೆ ತಂದಳು. ಅದು ಸೋಮವಾರ ನೀರು ಕುಡಿದ ಬಳ್ಳಿಯದು. ಕಾಯಿ ನೆಲಕ್ಕೆ ತಾಗಿ ಒಂದು ಮಗ್ಗುಲಲ್ಲಿ ಕೆಸರಿನ ಕಲೆ ಇತ್ತು. ಅವಳ ಕೈ ಅಲ್ಲಿಗೇ ನಿಂತಿತು.

ನಿಸರ್ಗ ತೊಳೆಯುತ್ತಾಳೋ ಇಲ್ಲವೋ. ಆ ಹುಡುಗಿ ಮನೆಯಲ್ಲಿದ್ದಾಗಲೇ ತೊಳೆಯುತ್ತಿರಲಿಲ್ಲ.

"ಲ್ಯಾಬು ಶನಿವಾರದ್ ನೀರು ನೋಡ್ತದೆ," ಅಂದಳು ಗಂಡನಿಗೆ. "ಮಗಳು ಸೋಮವಾರದ್ ನೀರಿನ ಕಾಯಿ ತಿಂತಾಳೆ."

ಭೀಮ ಆಟೋ ತೆಗೆದುಕೊಂಡು ಹೋದ. ಸಂಜೆ ಬರುವಾಗ ಆಟೋದ ತುಂಬ ಬಿದಿರಿನ ಗಳಗಳೂ ಪ್ಲಾಸ್ಟಿಕ್ ಹಗ್ಗದ ಉಂಡೆಯೂ ಇದ್ದವು. ಬಳ್ಳಿಗಳನ್ನು ನೆಲದಿಂದ ಎತ್ತಿ ಚಪ್ಪರಕ್ಕೆ ಹಬ್ಬಿಸುವುದಕ್ಕೆಂದು ಅವಳು ಎಂದೋ ಕೇಳಿದ್ದಳು.

ಕೀರ್ತಿರಾಜನಿಗೆ ಅವಳು ಫೋನು ಮಾಡಿ, ಒಂದು ಸಲ ಶನಿವಾರ ಮಧ್ಯಾಹ್ನವೂ ಇನ್ನೊಂದು ಸಲ ಮಂಗಳವಾರ ಬೆಳಗ್ಗೆಯೂ ಬರಬೇಕೆಂದು ಹೇಳಿದಳು. ಶನಿವಾರದ್ದು ಪಾಸಾಗುತ್ತದೆ, ಮಂಗಳವಾರದ್ದು ಫೇಲಾಗುತ್ತದೆ ಎಂದೂ ಹೇಳಿದಳು.

"ಫೇಲಾಗುತ್ತೆ ಅಂತ ಗೊತ್ತಿದ್ದೂ ಕರೀತಿದ್ದೀರಾ?"

"ಯಾಕ್ ಫೇಲಾಯ್ತದೆ ಅಂತಾನೂ ಗೊತ್ತದೆ ಸಾ. ಅದನ್ನ ತೋರ್ಸ್ಬೇಕು."

ಅವಳು ಹೇಳಿದಂತೆಯೇ ಆಯಿತು. ಒಂದು ಪಾಸು, ಒಂದು ಫೇಲು. ಕೀರ್ತಿರಾಜ್ ಮಂಗಳವಾರ ಈ ಸಲ ಬೂಟು ಬಿಚ್ಚಿಟ್ಟೇ ದಡಕ್ಕೆ ಇಳಿದಿದ್ದ. ಫಲಿತಾಂಶ ಬಂದ ದಿನ ಅವನು ಹೊಲದ ಬದುವಿನ ಮೇಲೆ ಕೂತು ತಲೆ ಕೆರೆದುಕೊಂಡ. ರಜೆ ಹಾಕಿ ಬಂದಿದ್ದ ಗೌತಮಿ ಪಕ್ಕದಲ್ಲಿದ್ದಳು.

"ನನ್ನ ಷರತ್ತಿನ ಪ್ರಕಾರ ಇದು ಆಗಲಿಲ್ಲಮ್ಮ. ನಾನೇನು ಮಾಡಲಿ?"

"ಕಟ್ಟೆ ಫೇಲಾಯ್ತು ಸಾ. ನನ್ ಕಾಯಿ ಫೇಲಾಯ್ತು ಅಂತ ಇನ್ನೂ ಯಾರೂ ಯೋಳಿಲ್ಲ." ಶೋಭಿತಾ ಚಪ್ಪರ ತೋರಿಸಿದಳು. ಕಾಯಿಗಳು ಈಗ ನೆಲ ಬಿಟ್ಟು ತೂಗುತ್ತಿದ್ದವು. ನೀರು ಬುಡಕ್ಕೆ ಮಾತ್ರ. "ಶನಿವಾರ, ಭಾನುವಾರ ಮದ್ಯಾನ ಮೋಟ್ರು ಆಕ್ತೀನಿ. ಸೋಮವಾರ, ಮಂಗಳವಾರ ಮುಟ್ಟಲ್ಲ. ಬುದವಾರಕ್ ಕೆಸ್ರು ಕೂರ್ತದೆ. ಗುರುವಾರ ಕಾಯಿ ಕೀಳ್ತೀನಿ. ಆ ಕಾಯೀನೇ ತಕ್ಕಂಡೋಗಿ ಲ್ಯಾಬಿಗ್ ಕೊಡಿ."

"ಮಳೆ ಬಂದರೆ?" ಎಂದ.

"ಮಳೆ ಬಂದ್ ವಾರ ನಾನೇ ಫೋನ್ ಮಾಡ್ತೀನಿ. ಇವತ್ತಿನ್ ಕಾಯಿ ಹಸಿ ಬ್ಯಾಡ, ಬೇಯ್ಸಿ ಅಂತ."

ಕೀರ್ತಿರಾಜ್ ಗೌತಮಿಯ ಕಡೆ ನೋಡಿದ. "ಸರಿಯಾಗೇ ಹೇಳ್ತಿದ್ದಾರೆ," ಅಂದಳು ಅವಳು. "ಆದರೆ ನನ್ನ ಮಾತು ಕೇಳಬೇಡಿ, ನಾನು ಎರಡು ಸಲ ತಪ್ಪು ಹೇಳಿದ್ದೀನಿ. ಕಾಯಿನ ಪರೀಕ್ಷೆ ಮಾಡಿಸಿ."

ಅವನು ಗುರುವಾರ ಕಾಯಿ ಒಯ್ದ. ಮತ್ತೊಂದು ಗುರುವಾರವೂ ಒಯ್ದ. ಎರಡೂ ಚೊಕ್ಕಟವಾಗಿ ಬಂದವು. ಆಮೇಲೆ ಬೆಳಗಿನ ಬಸ್ಸಿನ ಮೇಲೆ ಶೋಭಿತಾಳ ಮಂಕರಿ ಹೊಳೆನರಸೀಪುರಕ್ಕೆ ಹೋಗತೊಡಗಿತು. ಮೊದಲ ಭಾನುವಾರದ ಫೋನಿನಲ್ಲಿ ನಿಸರ್ಗಳ ಬಾಯಲ್ಲಿ ಏನೋ ಕರುಮುರು ಸದ್ದು. "ತಿಂತಾ ಇದೀನಮ್ಮ, ಕೇಳುಸ್ತಾ? ಅರಕಲಗೂಡಿನ ಹುಡ್ಗೀರೆಲ್ಲ ಇದು ನಮ್ಮೂರಿನ್ದು ಅಂತ ಕುಣೀತವ್ರೆ."

ಊರಿನಲ್ಲೂ ಒಂದು ಹೊಸ ಪದ್ಧತಿ ಶುರುವಾಯಿತು. ಸೋಮವಾರ ಬಿಸಿಲೇರುವ ಹೊತ್ತಿಗೆ ಏರಿಯ ಮೇಲಿಂದ ಕೆಂಪಣ್ಣನ ಕೂಗು ಕೇಳುತ್ತಿತ್ತು: "ಶೋಬಿತಮ್ಮೋ! ಎತ್ತು ಇಳುಸ್ತಾ ಇವ್ನಿ, ಮೋಟ್ರು ಆಫ್ ಮಾಡ್ಕಳವ್ವ!" ಅವಳ ಮೋಟರು ಸೋಮವಾರ ಹೇಗೂ ಓಡುತ್ತಿರಲಿಲ್ಲ. ಆದರೂ ಕೂಗುತ್ತಿದ್ದ. ಒಂದು ದಿನ ಕೂಗದಿದ್ದರೆ ಮಾರಮ್ಮನೇ, "ಗೌಡ ಬರ್ನಿಲ್ವಾ ಇವತ್ತು?" ಎಂದು ಕೇಳುತ್ತಿದ್ದಳು.

ಸಂಕ್ರಾಂತಿ ಕಳೆದ ಮೇಲೆ ಹೊತ್ತಲ್ಲದ ಹೊತ್ತಿನಲ್ಲಿ ಜಡಿಮಳೆ ಹಿಡಿಯಿತು. ಕಟ್ಟೆಯ ನೀರು ಮತ್ತೆ ಕೆಂಪಾಯಿತು. ಗುರುವಾರ ಶೋಭಿತಾ ಕಾಯಿ ಕಳಿಸುವ ಮೊದಲೇ ಕೀರ್ತಿರಾಜನಿಗೆ ಫೋನು ಮಾಡಿದಳು. "ಈ ವಾರ ಹಸಿ ಬ್ಯಾಡ ಸಾ. ಹುಳಿ ಮಾಡ್ಸಿ."

ಹಾಸ್ಟೆಲ್ಲಿನಲ್ಲಿ ಹುಳಿಯಾಯಿತು. ಭಾನುವಾರ ನಿಸರ್ಗಳ ದೂರು ಬಂತು. "ಹುಳಿನಾ ಅಮ್ಮ! ಎಲ್ರೂ ನನ್ನೇ ನೋಡುದ್ರು."

"ಮಳೆ ಬಂದಿತ್ತಲ್ಲ ಮಗ. ನೀರು ಕೆಟ್ಟಿತ್ತು." ಅವಳು ಮಗಳಿಗೆ ಬಿಸಿಲು, ಬಗ್ಗಡ, ತಳದ ಕೆಸರು ಎಲ್ಲವನ್ನೂ ಹೇಳಿದಳು. ನಿಸರ್ಗ ಮಧ್ಯೆ ಬಾಯಿ ಹಾಕದೆ ಕೇಳಿದಳು.

"ಅಂಗಾರೆ ಅಮ್ಮ," ಅಂದಳು ಕೊನೆಗೆ, "ಮಳೆ ಬರ್ದೆ, ಎತ್ತೂ ಇಳೀದೆ, ಬರೀ ಮೋಡ ಮುಚ್ಕಂಡಿದ್ರೆ? ಆಗ ಹಸೀನಾ, ಹುಳೀನಾ?"

ಶೋಭಿತಾ ಎದ್ದು ಕಿಟಕಿಯಿಂದ ಇಣುಕಿದಳು. ಮಳೆ ನಿಂತಿತ್ತು, ಬಗ್ಗಡ ಕೂತಿತ್ತು, ಸೂರ್ಯ ಮಾತ್ರ ಎರಡು ದಿನದಿಂದ ಮುಖ ತೋರಿಸಿರಲಿಲ್ಲ. ಮುಂದಿನ ಮಂಕರಿಯ ಕಾಯಿಗೆ ಇದೇ ಮಧ್ಯಾಹ್ನ ನೀರು ಬಿಡಬೇಕು.

"ನೋಡಿ ಯೋಳ್ತೀನಿ ಇರು," ಎಂದು ಫೋನಿಟ್ಟಳು. ಗೂಡಿನ ಡಬ್ಬಿಯಲ್ಲಿ ಕೈಯಾಡಿಸಿದಳು. ತಳದಲ್ಲಿ ಒಂದೇ ಬಾಟಲಿ ಉಳಿದಿತ್ತು. ಸ್ಟಿಕ್ಕರಿಗೆ ಹುಡುಕಿದರೆ ಹಾಳೆ ಖಾಲಿ. ತನ್ನ ಹಣೆಯ ಮೇಲಿದ್ದುದನ್ನೇ ಕಿತ್ತು ಬಾಟಲಿಗೆ ಅಂಟಿಸಿಕೊಂಡು ಕಟ್ಟೆಯ ಕಡೆ ನಡೆದಳು.

"ಎಲ್ಲಿಗೇ?" ಎಂದಳು ಮಾರಮ್ಮ.

"ಮೋಡದ್ ನೀರು ನೋಡ್ಕಂಡ್ ಬತ್ತೀನಿ ಅತ್ತೆ. ಅಲ್ಲೀಗಂಟ ಮೋಟ್ರು ಆಕ್ಬ್ಯಾಡಿ."